‘ಒಂದು ಸೂಜಿ ಕೊಟ್ಬುಡವ್ವ’: ಕೊನೆಗಾಲದ ಆರೈಕೆಯಲ್ಲಿ ನಾನು ಕಲಿತದ್ದು

ಮೊದಲು ಐಸಿಯುನಲ್ಲಿ ನರ್ಸ್ ಆಗಿದ್ದೆ, ಆಮೇಲೆ ಪ್ಯಾಲಿಯೇಟಿವ್ ಆರೈಕೆಗೆ ಬಂದೆ. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ ನೋವು, ಹುಣ್ಣು, ಉಸಿರಾಟದ ಕಷ್ಟ ನೋಡಿಕೊಳ್ಳುವ ಕೆಲಸ ಇದು. ಇದರಲ್ಲಿ ಬಹುಪಾಲನ್ನು ನಾನು ಕಲಿತದ್ದು ಬೈಸಿಕೊಂಡು. ದಯಾಮರಣ, ಲಿವಿಂಗ್ ವಿಲ್ (ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ) ಎಂದು ಈಗೀಗ ಜನ ಕೇಳುತ್ತಿದ್ದಾರಲ್ಲ, ಅವರ ಉಪಯೋಗಕ್ಕೆ ಬಂದರೆ ಬರಲಿ.

1. ‘ಸಾಯಿಸಿಬಿಡಿ’ ಅಂದವರಿಗೆ ಕಾನೂನು ಹೇಳಲು ಹೋಗಬೇಡಿ.

ಬಾಯಿ ಕ್ಯಾನ್ಸರ್ ಆಗಿದ್ದ ಅಜ್ಜಿ. ಕೆನ್ನೆಯ ಹುಣ್ಣಿನ ವಾಸನೆಗೆ ಮೊಮ್ಮಕ್ಕಳೂ ಹತ್ತಿರ ಸುಳಿಯುತ್ತಿರಲಿಲ್ಲ. ‘ಒಂದು ಸೂಜಿ ಕೊಟ್ಬುಡವ್ವ, ನಿದ್ದೇಲೇ ಹೊರಟೋಗ್ತೀನಿ’ ಅಂದರು. ನಾನು, ಹಾಗೆಲ್ಲ ಮಾಡಿದರೆ ಕೊಲೆ ಕೇಸಾಗುತ್ತದೆ, ನಮ್ಮ ದೇಶದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ವಿವರಿಸತೊಡಗಿದೆ. ಹೇಳಿದ್ದು ಸರಿಯೇ; ಆದರೆ ಅವರು ಕೇಳಿದ್ದು ಅದನ್ನಲ್ಲ. ಜೊತೆಗಿದ್ದ ಡಾಕ್ಟರ್ ನನ್ನನ್ನು ಸುಮ್ಮನಿರಿಸಿ, ‘ರಾತ್ರಿ ನಿದ್ದೆ ಬರುತ್ತಾ ಅಜ್ಜಿ? ಮಾತ್ರೆ ಎಷ್ಟೊತ್ತಿಗೆ ಕೊಡ್ತಾರೆ?’ ಎಂದು ವಿಚಾರಿಸಿದರು. ಆಗ ವಿಷಯ ಹೊರಬಿತ್ತು. ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಮಾರ್ಫಿನ್ ಮಾತ್ರೆಯನ್ನು ಮಗ ದಿನಕ್ಕೆ ಎರಡೇ ಸಲ ಕೊಡುತ್ತಿದ್ದ, ಚಟ ಹತ್ತೀತು ಎಂಬ ಹೆದರಿಕೆಗೆ. ಮಾರ್ಫಿನ್ ಜೊತೆ ಮಲಬದ್ಧತೆಗೆ ಔಷಧ ಕೊಡಲೇಬೇಕು, ಅದನ್ನೂ ಕೊಟ್ಟಿರಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಬಿದ್ದು, ಮೆಟ್ರೊನಿಡಜೋಲ್ ಮಾತ್ರೆ ಪುಡಿಮಾಡಿ ಹುಣ್ಣಿಗೆ ಹಾಕಿ ವಾಸನೆ ಇಳಿದ ಮೇಲೆ ಅಜ್ಜಿ ಸೂಜಿಯ ಮಾತು ಬಿಟ್ಟು, ಕಾಫಿಗೆ ಸಕ್ಕರೆ ಕಮ್ಮಿ ಅಂತ ಸೊಸೆಯನ್ನು ಗದರುತ್ತಿದ್ದರು.

ಎಲ್ಲರದೂ ಹೀಗೇ ಮುಗಿಯುತ್ತದೆ ಎಂದರೆ ಸುಳ್ಳಾಗುತ್ತದೆ. ನೋವು ಹತೋಟಿಗೆ ಬಂದ ಮೇಲೂ, ಪೂರ್ತಿ ಎಚ್ಚರದಲ್ಲಿ, ‘ನನಗೆ ಸಾಕಾಗಿದೆ’ ಅನ್ನುವವರನ್ನು ಕಂಡಿದ್ದೇನೆ. ನೆದರ್ಲೆಂಡ್ಸ್‌ನಲ್ಲಿ 2002ರಿಂದ ಅಂಥವರಿಗೆ ಕಾನೂನಿನ ದಾರಿಯೊಂದಿದೆ. ಇಲ್ಲಿ ಇಲ್ಲ. ಅವರಿಗೆ ಕೊಡುವ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ, ಅಷ್ಟೆ.

2. ರೋಗಿಯನ್ನು ಒಳಗೆ ಮಲಗಿಸಿ ಜಗಲಿಯಲ್ಲಿ ಮಾತು ಮುಗಿಸಬೇಡಿ.

‘ಅಪ್ಪನಿಗೆ ಏನೂ ಹೇಳ್ಬೇಡಿ ಸಿಸ್ಟರ್’ ಎಂದು ಮಕ್ಕಳು ಕೈಮುಗಿದರೆ ನಾನು ಒಪ್ಪಿಬಿಡುತ್ತಿದ್ದೆ. ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ತಿಂಗಳುಗಟ್ಟಲೆ ಹೀಗೇ ನಾಟಕವಾಡಿದೆವು. ಅವರಿಗೆ ಎಲ್ಲ ಗೊತ್ತಿತ್ತು. ಹೊಲದ ಪಾಲು, ಹೆಂಡತಿಯ ಪಿಂಚಣಿ, ಯಾವ ಆಸ್ಪತ್ರೆಗೆ ಒಯ್ಯಕೂಡದು ಎಂಬುದನ್ನು ಹೇಳಲು ಕಾದಿದ್ದರು, ಯಾರೂ ಕೇಳಲಿಲ್ಲ. ಈಗ ಮಕ್ಕಳನ್ನು ಕೂರಿಸಿಕೊಂಡೇ ರೋಗಿಯನ್ನು ಕೇಳುತ್ತೇನೆ: ‘ನಿಮ್ಮ ಕಾಯಿಲೆ ಬಗ್ಗೆ ಎಷ್ಟು ತಿಳ್ಕೊಬೇಕು ಅನ್ಸುತ್ತೆ?’ ಏನೂ ಬೇಡ ಅಂದವರೂ ಇದ್ದಾರೆ. ಅದೂ ಅವರ ಇಷ್ಟ.

3. ನಿಯಮ ಬದಲಾಗಿದೆಯೇ ನೋಡಿಕೊಂಡು ಹೇಳಿ.

ಇದು ನನಗೆ ಇನ್ನೂ ನಾಚಿಕೆ ತರಿಸುವ ವಿಷಯ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಾಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದೇ ಕೋರ್ಟ್ ಆ ಷರತ್ತು ತೆಗೆದುಹಾಕಿತು. ನಾನು ಮಾತ್ರ ಹಳೆಯದನ್ನೇ ಹೇಳುತ್ತ ಒಂದು ಸಂಸಾರವನ್ನು ಕೋರ್ಟ್ ಆವರಣಕ್ಕೆ ಅಲೆಸಿದೆ. ಈಗಿನ ಕ್ರಮ ಇಷ್ಟು: 18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರೇ ಆಗಲಿ ಬರೆಯಬಹುದು. ಇಬ್ಬರು ಸಾಕ್ಷಿಗಳೆದುರು ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಮಾಡಿಸಬೇಕು. ಬರೆದವರಿಗೆ ತಾವೇ ತೀರ್ಮಾನ ಹೇಳುವ ಶಕ್ತಿ ಹೋದಾಗ ಮಾತ್ರ ಅದು ಜಾರಿಗೆ ಬರುತ್ತದೆ. ಅಲ್ಲಿವರೆಗೆ ಯಾವಾಗ ಬೇಕಾದರೂ ಬದಲಿಸಬಹುದು, ಬರವಣಿಗೆಯಲ್ಲಿ ಹಿಂದಕ್ಕೂ ಪಡೆಯಬಹುದು.

ಬರೆದದ್ದನ್ನು ಜಾರಿಗೆ ತರಲು ಆಸ್ಪತ್ರೆಯ ಕಡೆಯಿಂದ ಎರಡು ವೈದ್ಯಕೀಯ ಮಂಡಳಿ ಬೇಕು. ಮೊದಲನೆಯದರಲ್ಲಿ ಚಿಕಿತ್ಸೆ ಕೊಡುವ ವೈದ್ಯರ ಜೊತೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಎರಡನೆಯದರಲ್ಲಿ ಹೊಸ ಮೂವರು, ಅವರಲ್ಲೊಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದವರು. ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ನಮ್ಮ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಇದನ್ನು ಜಾರಿಗೊಳಿಸಲು ಆದೇಶ ಹೊರಡಿಸಿತು. ಲಿವಿಂಗ್ ವಿಲ್ ಇಲ್ಲದವರಿಗೂ, ಮನೆಯವರ ಒಪ್ಪಿಗೆಯ ಮೇಲೆ, ಇದೇ ಎರಡು ಮಂಡಳಿಗಳ ದಾರಿ ಇದೆ. ಇದಾವುದೂ ಸೂಜಿ ಕೊಡುವ ಕಾನೂನಲ್ಲ. ಫಲವಿಲ್ಲದ ಯಂತ್ರವನ್ನು ಹಾಕದಿರುವುದು, ಹಾಕಿದ್ದರೆ ತೆಗೆಯುವುದು, ಅಷ್ಟಕ್ಕೆ.

4. ಯಾರು ಮಾತಾಡಬೇಕು ಎಂಬುದನ್ನು ಹೆಸರು ಹಿಡಿದು ಬರೆಯಿರಿ.

ಅರುಣಾ ಶಾನ್‌ಭಾಗ್ ನಮ್ಮ ಹೊನ್ನಾವರ ಕಡೆಯ ಹಳದೀಪುರದವರು, ನನ್ನಂತೆಯೇ ನರ್ಸ್. 1973ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಅವರ ಮೇಲೆ ಬರ್ಬರ ದಾಳಿಯಾಯಿತು. ಆಮೇಲೆ 2015ರ ಮೇ 18ರಂದು ತೀರಿಕೊಳ್ಳುವವರೆಗೆ, ತಮ್ಮ ಇಷ್ಟ ಹೇಳಲಾಗದ ಸ್ಥಿತಿಯಲ್ಲಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರನ್ನು ಹೋಗಗೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ನಾವು ನೋಡಿಕೊಳ್ಳುತ್ತೇವೆ, ಬದುಕಲಿ ಎಂದರು ಕೆಇಎಂ ಸಿಬ್ಬಂದಿ. 2011ರ ಮಾರ್ಚ್ 7ರ ತೀರ್ಪು ಅರುಣಾ ಪರವಾಗಿ ಮಾತಾಡುವ ಹಕ್ಕು ಸಿಬ್ಬಂದಿಯದೇ ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ನಮ್ಮಲ್ಲಿ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಮೊದಲ ಬಾರಿಗೆ ದಾರಿ ತೋರಿಸಿದ್ದೂ ಅದೇ ತೀರ್ಪು. ಅದನ್ನು ಓದಿದಾಗ ನರ್ಸ್ ಆಗಿ ಹೆಮ್ಮೆಯೂ ಆಯಿತು, ಕಸಿವಿಸಿಯೂ ಆಯಿತು. ಎರಡು ಕಡೆಯವರಿಗೂ ಆಕೆಯ ಮೇಲೆ ಪ್ರೀತಿಯಿತ್ತು. ಆಕೆಗೆ ಏನು ಬೇಕಿತ್ತು ಎಂದು ಮಾತ್ರ ಯಾರಿಗೂ ತಿಳಿಯುವಂತಿರಲಿಲ್ಲ.

ಅದಕ್ಕೇ ಒಬ್ಬರಿಗಿಂತ ಹೆಚ್ಚು ಜನರ ಹೆಸರು ಬರೆಯಿರಿ, ಅವರಿಗೆ ಮೊದಲೇ ಹೇಳಿ, ಪ್ರತಿ ಕೊಡಿ. ನಾನೇ ಮುಂದೆ ನಿಂತು ಬರೆಸಿದ ಒಂದು ಲಿವಿಂಗ್ ವಿಲ್ ಬ್ಯಾಂಕ್ ಲಾಕರ್ ಸೇರಿತ್ತು. ರಾತ್ರಿ ಆ ಅಮ್ಮನಿಗೆ ಉಸಿರು ಕಟ್ಟಿದಾಗ 108 ಬಂತು, ಗಂಟಲಿಗೆ ಟ್ಯೂಬ್ ಇಳಿಯಿತು. ಬೆಳಿಗ್ಗೆ ಬ್ಯಾಂಕ್ ತೆರೆಯುವ ಹೊತ್ತಿಗೆ ಅವರು ವೆಂಟಿಲೇಟರ್ ಮೇಲಿದ್ದರು. ಪ್ರತಿ ಎಲ್ಲಿಡುತ್ತೀರಿ ಎಂದು ನಾನು ಕೇಳಿರಲಿಲ್ಲ.

5. ‘ಅನಗತ್ಯ ಚಿಕಿತ್ಸೆ ಬೇಡ’ ಎಂಬ ಒಂದು ಸಾಲು ಸಾಲದು.

ನಾನು ಬರೆಸುತ್ತಿದ್ದುದು ಹೀಗೇ. ‘ಅನಗತ್ಯ ಯಾವುದು ಸಿಸ್ಟರ್?’ ಎಂದು ಐಸಿಯು ಡಾಕ್ಟರೊಬ್ಬರು ಕೇಳಿದಾಗ ತಡಬಡಾಯಿಸಿದೆ. ವೆಂಟಿಲೇಟರ್, ಎದೆ ಒತ್ತುವ ಸಿಪಿಆರ್, ಡಯಾಲಿಸಿಸ್, ಮೂಗಿನ ನಳಿಕೆ: ಒಂದೊಂದಕ್ಕೂ ಯಾವ ಸ್ಥಿತಿಯಲ್ಲಿ ಬೇಕು, ಯಾವಾಗ ಬೇಡ ಎಂದು ಬರೆಯಬೇಕು. ನೋವಿನ ಔಷಧ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ ಎಂದೂ ಸೇರಿಸಿ. ಹೆಚ್ಚು ಜಗಳವಾಗುವುದು ಮೂಗಿನ ನಳಿಕೆಯ ವಿಷಯಕ್ಕೆ. ‘ಉಪವಾಸ ಕೆಡವಿ ಸಾಯಿಸಿದ ಹಾಗಲ್ವಾ?’ ಎಂದು ಹೆಣ್ಣುಮಕ್ಕಳು ಅಳುತ್ತಾರೆ. ಸಾವು ಸಮೀಪಿಸಿದಾಗ ಹಸಿವು ತಾನಾಗಿ ಇಂಗುತ್ತದೆ, ಬಲವಂತದ ಊಟ ಎದೆಗೆ ಏರುತ್ತದೆ ಎಂದು ಮೊದಲೇ ತಿಳಿಸಬೇಕು. ಹತ್ತಿಯಲ್ಲಿ ನೀರು ಅದ್ದಿ ತುಟಿ ಒರೆಸಲು ಹೇಳಿಕೊಟ್ಟರೆ ಅವರ ಕೈಗೂ ಒಂದು ಕೆಲಸ ಸಿಗುತ್ತದೆ.

6. ಮನೆಯಲ್ಲೇ ಕೊನೆ ಅಂದರೆ ಮನೆಯೂ ತಯಾರಿರಬೇಕು.

ಮಧ್ಯರಾತ್ರಿ ಉಸಿರು ಎಳೆಯತೊಡಗಿದರೆ ಯಾರಿಗೆ ಫೋನ್, ಯಾವ ಮಾತ್ರೆ, ಸಾವನ್ನು ದೃಢೀಕರಿಸಲು ಬರುವ ಡಾಕ್ಟರ್ ಯಾರು: ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ. ಸಾವಿನ ನೋಂದಣಿಗೆ 21 ದಿನಗಳ ಗಡುವಿದೆ. ಮನೆಯಲ್ಲಿ ನಿಭಾಯಿಸಲು ಆಗದಿದ್ದರೆ ಅದು ಸೋಲಲ್ಲ. ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ಕೇಳದೆ ನೋಡಿಕೊಳ್ಳುತ್ತಾರೆ.

ಇನ್ನೊಂದು ಕೋರಿಕೆ. ನೀವು ಹೋಗುವ ಆಸ್ಪತ್ರೆಯಲ್ಲಿ ಆ ಎರಡು ಮಂಡಳಿಗಳನ್ನು ಮಾಡಿದ್ದಾರೆಯೇ, ಲಿವಿಂಗ್ ವಿಲ್ ಪ್ರತಿಯನ್ನು ಕೇಸ್ ಶೀಟಿಗೆ ಸೇರಿಸುತ್ತಾರೆಯೇ ಎಂದು ಮುಂದಿನ ಸಲ ಬಿ.ಪಿ. ತೋರಿಸಲು ಹೋದಾಗ ಕೇಳಿ. ಗೊತ್ತಿಲ್ಲ ಅಂದರೆ ಸರ್ಕಾರದ ಆದೇಶವಿದೆ ಎಂದು ಹೇಳಿ, ಮತ್ತೊಮ್ಮೆ ಹೋದಾಗಲೂ ಕೇಳಿ.