ಗನ್ ಹಿಡಿಯೋನು ಬೇರೆ, ಮಷೀನ್ ಕೊಳ್ಳೋನು ಬೇರೆ

ನಮ್ಮ ಮಾವ ಊರಲ್ಲಿ ವಾಟರ್ ಸರ್ವಿಸ್ ಶುರು ಮಾಡಬೇಕು ಅಂತಿದ್ದಾರೆ. ಹೋದ ತಿಂಗಳು ಫೋನ್ ಮಾಡಿ, "ಎರಡು ಪ್ರೆಶರ್ ವಾಷರ್ ನೋಡಿದೀನಿ ಕಣೋ. ನೋಡೋಕೆ ಎರಡೂ ಒಂದೇ ಥರ. ಆದ್ರೆ ಒಂದರ ರೇಟು ಇನ್ನೊಂದರ ಅರ್ಧ. ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಯಾವುದು ತಗೊಳ್ಳಲಿ?" ಅಂದ್ರು. ದುಬಾರಿ ಮಷೀನಿಗೆ ಸೇಫ್ಟಿ ಸರ್ಟಿಫಿಕೇಟ್ ಇತ್ತು, ಅಗ್ಗದ್ದಕ್ಕೆ ಇರಲಿಲ್ಲ. ಒಂದು ಕಾಗದಕ್ಕೆ ಅಷ್ಟು ದುಡ್ಡು ಯಾಕೆ ಅನ್ನೋದು ಮಾವನ ಪ್ರಶ್ನೆ. ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಫ್ಲೂಯಿಡ್ ಮೆಕ್ಯಾನಿಕ್ಸ್ ನೋಟ್ಸ್ ತೆಗೆದು ಕೂತೆ. ಸಿಕ್ಕಿದ್ದನ್ನು ಇಲ್ಲಿ ಬರೀತಿದ್ದೀನಿ.

ನೀರು ಎಷ್ಟು ಜೋರು?

ಕಾರಿನ ಟೈರಿನಲ್ಲಿ ಇರೋದು ಸುಮಾರು 2 ಬಾರ್ ಒತ್ತಡ. ಗಾಡಿ ತೊಳೆಯೋ ಮಷೀನಿನಲ್ಲಿ 100 ಬಾರ್ ಸಾಮಾನ್ಯ, ಅಂದ್ರೆ ಐವತ್ತು ಪಟ್ಟು. ನಾವು ಕಲಿತ ಬರ್ನೌಲಿ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತೆ. ಒತ್ತಡವನ್ನು ಎರಡರಿಂದ ಗುಣಿಸಿ, ನೀರಿನ ಸಾಂದ್ರತೆಯಿಂದ ಭಾಗಿಸಿ, ವರ್ಗಮೂಲ ತೆಗೆದ್ರೆ ವೇಗ ಸಿಗುತ್ತೆ. 100 ಬಾರ್ ಅಂದ್ರೆ ಒಂದು ಕೋಟಿ ಪ್ಯಾಸ್ಕಲ್. ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಸುಮಾರು 141 ಮೀಟರ್, ಗಂಟೆಗೆ 500 ಕಿಲೋಮೀಟರ್! ನಾಜಲ್‌ನಲ್ಲಿ ಸ್ವಲ್ಪ ನಷ್ಟ ಆದ್ರೂ ಇದು ಸಣ್ಣ ವೇಗ ಅಲ್ಲ.

ಇಂಥ ನೀರು ಹತ್ತಿರದಿಂದ ಕೈಗೋ ಕಾಲಿಗೋ ತಗುಲಿದ್ರೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣಬಹುದು, ಆದ್ರೆ ನೀರಿನ ಜೊತೆ ಕೊಳೆ, ಎಣ್ಣೆ ಎಲ್ಲ ಆಳಕ್ಕೆ ಇಳಿದಿರುತ್ತೆ. ಅರಿಶಿನ ಹಚ್ಚಿ ಸುಮ್ಮನಾಗೋ ಗಾಯ ಇದಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ, ಹೈ ಪ್ರೆಶರ್ ನೀರು ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು ವಿಷಯ. ಗನ್‌ನ ಟ್ರಿಗರ್ ಬಿಟ್ಟಾಗ ಪಂಪ್ ತಿರುಗ್ತಾನೇ ಇದ್ರೆ ನೀರಿಗೆ ಹೋಗೋಕೆ ದಾರಿ ಇರಲ್ಲ, ಒತ್ತಡ ಏರುತ್ತೆ. ಆಗ ನೀರನ್ನು ವಾಪಸ್ ತಿರುಗಿಸೋಕೆ ಅನ್‌ಲೋಡರ್ ವಾಲ್ವ್ ಬೇಕು, ಇಲ್ಲವೇ ಮೋಟರ್ ತಾನೇ ನಿಲ್ಲಬೇಕು. ಈ ಭಾಗ ಕೈಕೊಟ್ರೆ ಹೋಸ್ ಒಡೆಯುತ್ತೆ. ಇದು ಮಷೀನಿನ ಒಳಗಿರುತ್ತೆ, ಅಂಗಡಿಯಲ್ಲಿ ನಿಂತು ನೋಡಿದ್ರೆ ಗೊತ್ತಾಗಲ್ಲ.

ನೀರು ಮತ್ತು ಕರೆಂಟು

ಕೆಲಸ ಮಾಡೋನು ಒದ್ದೆ ನೆಲದ ಮೇಲೆ, ಎಷ್ಟೋ ಸಲ ಬರಿಗಾಲಲ್ಲಿ ನಿಂತಿರ್ತಾನೆ. "ಎಂಸಿಬಿ ಹಾಕಿಸಿದೀನಲ್ಲ" ಅಂದ್ರು ಮಾವ. 16 ಆಂಪಿಯರ್ ಎಂಸಿಬಿ ಕಾಯೋದು ವೈರನ್ನು, ಮನುಷ್ಯನನ್ನಲ್ಲ. ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಮೈಯಲ್ಲಿ ಹರಿದ್ರೂ ಜೀವ ಹೋಗಬಹುದು. ಅಷ್ಟು ಸಣ್ಣ ಕರೆಂಟಿಗೆ ಎಂಸಿಬಿ ಬೀಳೋದೇ ಇಲ್ಲ. ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಒಳ್ಳೆ ಮಷೀನ್ ತಗೊಂಡ್ರೂ ಇದು ಬೇಕು, ಸರಿಯಾದ ಅರ್ಥಿಂಗ್ ಕೂಡ ಬೇಕು.

ಆ ಕಾಗದದಲ್ಲಿ ಏನಿದೆ?

ಕರೆಂಟಿನಿಂದ ನಡೆಯೋ ಪ್ರೆಶರ್ ವಾಷರ್‌ಗಳಿಗೆ ಅಂತಲೇ ಐಇಸಿ 60335-2-79 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ. ಷಾಕ್, ಬಿಸಿಯಾಗೋದು, ನೀರು ಒಳಗೆ ನುಗ್ಗೋದು, ಟ್ರಿಗರ್ ಲಾಕ್, ಒತ್ತಡದ ಮಿತಿ, ಇವನ್ನೆಲ್ಲ ಪರೀಕ್ಷೆ ಮಾಡೋ ಕ್ರಮ ಅದರಲ್ಲಿದೆ. ನಾವು ಬಿಚ್ಚಿ ನೋಡೋಕಾಗದ್ದನ್ನು ಬೇರೆಯವರು ಲ್ಯಾಬಿನಲ್ಲಿ ನೋಡಿದ್ದಾರೆ ಅನ್ನೋದೇ ಸರ್ಟಿಫಿಕೇಟಿನ ಬೆಲೆ.

ಆದ್ರೆ ಸ್ಟಿಕ್ಕರ್ ಎಲ್ಲ ಸರ್ಟಿಫಿಕೇಟ್ ಅಲ್ಲ. ಸಿಇ ಗುರುತನ್ನು ಬಹುತೇಕ ಮಷೀನುಗಳಿಗೆ ತಯಾರಕರೇ ಹಾಕ್ಕೊಳ್ತಾರೆ. ಹಾಗಾಗಿ ಕೊಳ್ಳುವಾಗ ಇಷ್ಟು ಮಾಡಿ:

1. ಮಾಡೆಲ್ ನಂಬರ್ ಇರೋ ಟೆಸ್ಟ್ ರಿಪೋರ್ಟ್ ಕೇಳಿ. ಮಷೀನಿನ ಪ್ಲೇಟಿನಲ್ಲಿ ಇರೋ ನಂಬರಿಗೆ ಅದು ತಾಳೆ ಆಗಬೇಕು.

2. ವೈರ್, ಆರ್‌ಸಿಸಿಬಿ ಮೇಲೆ ಐಎಸ್ಐ ಗುರುತು ಇದ್ರೆ ಅದರ ಕೆಳಗಿನ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ.

3. ಬಾರ್ ಅನ್ನು ನಿಮಿಷದ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿ. ನೀರಿಗೆ ಬೇಕಾದ ಕಿಲೋವ್ಯಾಟ್ ಸಿಗುತ್ತೆ. 150 ಬಾರ್, 10 ಲೀಟರ್ ಅಂದ್ರೆ 2.5 ಕಿಲೋವ್ಯಾಟ್. ಡಬ್ಬದ ಮೇಲೆ ಮೋಟರ್ 1500 ವ್ಯಾಟ್ ಅಂತ ಇದ್ರೆ ಆ ಎರಡೂ ಒಟ್ಟಿಗೆ ಸಿಗೋದು ಸಾಧ್ಯವೇ ಇಲ್ಲ. ರೇಟೆಡ್ ಒತ್ತಡ, ರೇಟೆಡ್ ಹರಿವು ಎಷ್ಟು ಅಂತ ಕೇಳಿ.

4. ಹೋಸ್ ಹಾಳಾದ್ರೆ ಅದೇ ಒತ್ತಡಕ್ಕೆ ಮಾಡಿದ ಹೋಸೇ ಹಾಕಿ. ಸಾದಾ ಪೈಪಿಗೆ ಕ್ಲಾಂಪ್ ಬಿಗಿದ್ರೆ ಸರ್ಟಿಫಿಕೇಟಿಗೆ ಅರ್ಥ ಇರಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮಾವ ರೇಟಿನ ಮಾತೇ ಆಡಿದ್ರು. ಕೆಲಸದಲ್ಲಿ ಗಾಯ ಆದ್ರೆ ಪರಿಹಾರ ಕೊಡೋ ಹೊಣೆ ಮಾಲೀಕನದು ಅಂದೆ, "ಹೂಂ" ಅಂದ್ರು. ಕೊನೆಗೆ, "ಮಾವ, ಗನ್ ಹಿಡಿಯೋದು ಯಾರು?" ಅಂತ ಕೇಳಿದೆ. "ನಮ್ಮ ಪಕ್ಕದ ಬೀದಿ ಹುಡುಗ. ಪಿಯುಸಿ ಮುಗಿಸಿ ಮನೇಲಿದ್ದಾನೆ, ಪಾಪ" ಅಂದ್ರು. ಅವನಿಗೂ ನನ್ನ ವಯಸ್ಸೇ. ಯಾವ ಮಷೀನ್ ತರಬೇಕು ಅಂತ ಅವನನ್ನು ಯಾರೂ ಕೇಳಲ್ಲ. ಬಂದ ಮಷೀನನ್ನು ಅವನು ಹಿಡೀಬೇಕು ಅಷ್ಟೇ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅದೇನೋ ಆರ್‌ಸಿಸಿಬಿ ಅಂದ್ಯಲ್ಲ, ಆ ಸ್ಟ್ಯಾಂಡರ್ಡ್ ನಂಬರ್ ಜೊತೆ ವಾಟ್ಸಾಪಲ್ಲಿ ಕಳಿಸು, ಅಂಗಡಿಯವನಿಗೆ ತೋರಿಸ್ತೀನಿ" ಅಂದ್ರು. ಕಳಿಸಿದೀನಿ.