ಮೊದಲು ಬರೀ ನೀರು ಸುರಿದು ನೋಡು

ನೀನು ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ, ಅಳಿಯ. ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕದಿಂದ ಮಾಡಿದ ಬಿಯರ್ ನಾಲ್ಕು ಸಲ ಚೆನ್ನಾಗಿ ಬಂತು, ಇನ್ನು ಕಾಳಿನಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಸಾವಿರಾರು ಡಾಲರಿನ ಸ್ಟೀಲ್ ಸೆಟ್ ಒಂದನ್ನು ನೋಡಿಟ್ಟಿದ್ದೇನೆ ಅಂದೆಯಲ್ಲ, ಅದನ್ನು ಈಗಲೇ ಕೊಳ್ಳಬೇಡ. ಇಲ್ಲಿ ಡೆನ್ವರ್‌ನಲ್ಲಿ ನನ್ನ ಗರಾಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಬಿಯರ್ ಮಾಡಿದ್ದೇನೆ. ಅಲ್ಲಿರುವ ಪಾತ್ರೆ ಪಡಗಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ಯಾವುದೋ ಕೆಲಸಕ್ಕೆಂದು ತಯಾರಾದವು. ಅವನ್ನು ನಾನೇ ಕೊಯ್ದು, ಕೊರೆದು, ಜೋಡಿಸಿದ್ದರಿಂದ ಎಲ್ಲಿ ಏನು ಕೆಟ್ಟರೂ ಕೈಗೆ ತಕ್ಷಣ ಗೊತ್ತಾಗುತ್ತದೆ. ಆ ತಿಳಿವಳಿಕೆ ನಿನಗೂ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸವನ್ನು ಅಡುಗೆಮನೆಯ ಮಾತಿನಲ್ಲೇ ತಿಳಿದುಕೋ. ನಿನ್ನ ಅಜ್ಜಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ ನಮಗೆಲ್ಲ ಸರಿ ಮಾಡಿ ಕುಡಿಸುತ್ತಿದ್ದಳು. ಬಾರ್ಲಿ ಮಾಲ್ಟ್ ಕೂಡ ಅದೇ ಜಾತಿಯದು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳಿರುತ್ತವೆ. ತರಿ ಮಾಡಿದ ಮಾಲ್ಟನ್ನು ಬಿಸಿನೀರಿಗೆ ಕಲಸಿ 65ರಿಂದ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟರೆ ಅವು ತಮ್ಮ ಪಾಡಿಗೆ ಕೆಲಸ ಮುಗಿಸುತ್ತವೆ. ಆಮೇಲೆ ಆ ಸಿಹಿನೀರನ್ನು ಬಸಿದುಕೊಳ್ಳಬೇಕು, ಅನ್ನದ ಗಂಜಿ ಬಸಿದ ಹಾಗೆ. ಬಿಸಿ ಹಿಡಿದಿಡುವ ಒಂದು ಪಾತ್ರೆ, ಅದರ ತಳದಲ್ಲಿ ಒಂದು ಸಿಬ್ಲು: ನೀನು ನೋಡಿಟ್ಟ ಸೆಟ್ಟಿನಲ್ಲಿ ಹೊಳೆಯುವ ನಡುವಿನ ಪಾತ್ರೆ ಮಾಡುವುದು ಇಷ್ಟೇ.

ಚಾರ್ಲಿ ಪಪೇಜಿಯನ್ 1984ರಲ್ಲಿ ಬರೆದ ಪುಸ್ತಕದಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್ ಒಂದರೊಳಗೊಂದು ಇಟ್ಟು, ಒಳಗಿನದರ ತಳಕ್ಕೆ ನೂರಾರು ತೂತು ಕೊರೆದು ಬಸಿಯುವ ಉಪಾಯ ಇದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ನಮ್ಮ ಹಿತ್ತಾಳೆ ಕಾಫಿ ಫಿಲ್ಟರ್. ಮೇಲಿನ ಲೋಟಕ್ಕೆ ತೂತು, ಕೆಳಗಿನದಕ್ಕೆ ಡಿಕಾಕ್ಷನ್. ಇದನ್ನು ಮನಸ್ಸಿನಲ್ಲಿ ಇಟ್ಟುಕೋ, ಕಾಳು ಒಡೆಸುವಾಗಲೂ ಉಪಯೋಗಕ್ಕೆ ಬರುತ್ತದೆ. ಪುಡಿ ತೀರಾ ನುಣ್ಣಗಾದರೆ ಡಿಕಾಕ್ಷನ್ ಇಳಿಯುವುದಿಲ್ಲ, ತೀರಾ ದಪ್ಪವಾದರೆ ನೀರು ನೀರಾಗಿ ಇಳಿಯುತ್ತದೆ. ಮಾಲ್ಟಿಗೂ ಅದೇ ಲೆಕ್ಕ. ಕಾಳು ಒಡೆಯಬೇಕು, ಸಿಪ್ಪೆ ಮಾತ್ರ ಇಡಿಯಾಗಿ ಉಳಿಯಬೇಕು, ಏಕೆಂದರೆ ನಿಜವಾಗಿ ಸೋಸುವುದು ಆ ಸಿಪ್ಪೆಯ ಹಾಸು. ಮಿಕ್ಸಿಗೆ ಹಾಕಿದರೆ ಹಿಟ್ಟಾಗಿ ಕಟ್ಟಿಕೊಳ್ಳುತ್ತದೆ. ಮೊದಮೊದಲು ಅಂಗಡಿಯಲ್ಲೇ ರೋಲರ್ ಗಿರಣಿಯಲ್ಲಿ ಒಡೆಸಿಕೊಂಡು ಬಾ. ಗೋಧಿ ಮಾಲ್ಟ್ ಹೆಚ್ಚು ಹಾಕುವ ದಿನ ಎರಡು ಹಿಡಿ ಭತ್ತದ ಹೊಟ್ಟು ಬೆರೆಸು. ಗೋಧಿಗೆ ಸಿಪ್ಪೆ ಇಲ್ಲವಲ್ಲ, ಆ ಕೊರತೆಯನ್ನು ಹೊಟ್ಟು ತುಂಬುತ್ತದೆ.

ಪಾತ್ರೆಗೆ ಪಿಕ್ನಿಕ್ಕಿಗೆ ಐಸ್ ಹಾಕಿ ಒಯ್ಯುವ ಕೂಲರ್ ಸಾಕು. ತಂಪನ್ನು ಹಿಡಿದಿಡುವ ಗೋಡೆಯೇ ಬಿಸಿಯನ್ನೂ ಹಿಡಿದಿಡುತ್ತದೆ. 20 ಲೀಟರ್ ಬಿಯರಿಗೆ ಸುಮಾರು 5 ಕೆಜಿ ಮಾಲ್ಟ್, ಅದಕ್ಕೆ 15 ಲೀಟರ್ ನೀರು. ಎರಡೂ ಸೇರಿ 18 ಲೀಟರ್ ದಾಟುತ್ತದೆ. 19 ಲೀಟರಿನ ಕೂಲರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಾಡಿಸಲು ಜಾಗ ಇರುವುದಿಲ್ಲ, 38 ಲೀಟರಿನದನ್ನೇ ತಾ. ಅದರ ಪ್ಲಾಸ್ಟಿಕ್ ನಲ್ಲಿ ತೆಗೆದು ಆ ತೂತಿಗೆ ಸ್ಟೀಲ್ ಬಾಲ್ ವಾಲ್ವ್ ಕೂರಿಸು, ಎರಡೂ ಬದಿಗೆ ಸಿಲಿಕೋನ್ ವಾಷರ್ ಹಾಕು.

ಒಳಗಿನ ಸಿಬ್ಲಿಗೆ ನಲ್ಲಿಗಳಿಗೆ ಜೋಡಿಸುವ, ಮೇಲೆ ಸ್ಟೀಲ್ ಹೆಣಿಗೆ ಇರುವ ನೀರಿನ ಪೈಪ್ ಬಳಸು. ಡೆನ್ನಿ ಕಾನ್ ಎಂಬ ಹಿರಿಯ ಬಿಯರಿಗರು ಜನಪ್ರಿಯಗೊಳಿಸಿದ ದಾರಿ ಇದು, ಇವತ್ತಿಗೂ ನನ್ನ ಮೆಚ್ಚಿನದು. ಎರಡು ತುದಿಯನ್ನೂ ಗರಗಸದಿಂದ ಕೊಯ್ದು ಒಳಗಿನ ರಬ್ಬರ್ ಕೊಳವೆಯನ್ನು ಎಳೆದು ಬಿಸಾಡು. ಉಳಿದ ಹೆಣಿಗೆಯ ಒಂದು ತುದಿಯನ್ನು ಮಡಚಿ ಚಪ್ಪಟೆ ಮಾಡು, ಇನ್ನೊಂದನ್ನು ವಾಲ್ವಿಗೆ ಕ್ಲಾಂಪಿನಿಂದ ಬಿಗಿ. ಇಲ್ಲಿ ನಾನು ಮೋಸ ಹೋಗಿದ್ದೇನೆ. ನೋಡಲು ಸ್ಟೀಲಿನಂತೆಯೇ ಹೊಳೆಯುವ, ನಿಜದಲ್ಲಿ ಪ್ಲಾಸ್ಟಿಕ್ ನೂಲಿನ ಹೆಣಿಗೆಗಳೂ ಇವೆ. ಅಂಥದೊಂದನ್ನು ಚೀಟಿ ಓದದೆ ತಂದು ಹಾಕಿದೆ. ಬಿಸಿಗೆ ಮೆತ್ತಗಾಗಿ, ಕಾಳಿನ ಭಾರಕ್ಕೆ ನಜ್ಜಾಗಿ ಕೂತುಬಿಟ್ಟಿತು. ವಾಲ್ವ್ ತೆರೆದರೆ ಹನಿ ನೀರಿಲ್ಲ. ಸಂಜೆ ಆರು ಗಂಟೆಗೆ 5 ಕೆಜಿ ಬಿಸಿ ಕಾಳನ್ನು ಚೆಂಬಿನಲ್ಲಿ ಮೊಗೆಮೊಗೆದು ಪರದೆ ಬಟ್ಟೆಯಲ್ಲಿ ಹಿಂಡಿದೆ, ಕೈಯೆಲ್ಲ ಕೆಂಪಾಯಿತು. ಮೂರು ಡಾಲರ್ ಉಳಿಸಲು ಹೋಗಿ ಕಳೆದ ದಿನ ಅದು. ಚೀಟಿ ಓದು ಕಣಪ್ಪ, ಪೂರ್ತಿ ಓದು.

ಪರದೆ ಬಟ್ಟೆ ಅಂದೆನಲ್ಲ, ಅದೇ ಒಂದು ಒಳ್ಳೆಯ ದಾರಿ. ಆಸ್ಟ್ರೇಲಿಯಾದವರು ಕೂಲರನ್ನೇ ಬಿಟ್ಟು, ತೆಳು ಪರದೆ ಬಟ್ಟೆಯ ದೊಡ್ಡ ಚೀಲ ಹೊಲಿದು, ಕುದಿಸುವ ಪಾತ್ರೆಯೊಳಗೇ ಕಾಳು ನೆನೆಸಿ, ಕೊನೆಗೆ ಚೀಲವನ್ನು ಮೇಲೆತ್ತುವ ವಿಧಾನ ಬೆಳೆಸಿದರು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನಾನು ಹೇಳುವುದೂ ಅದನ್ನೇ. ನಿನಗೆ ಗರಾಜಿದೆ, ಕೂಲರ್ ಮಾಡು.

ಉಪಾಯ ಹೂಡಬಾರದ ಜಾಗಗಳೂ ಇವೆ, ಇಲ್ಲಿ ನನ್ನ ಮಾತು ಖಂಡಿತ. ಗ್ಯಾಸ್ ಒಲೆಯನ್ನು ಮುಚ್ಚಿದ ಗರಾಜಿನಲ್ಲಿ ಹಚ್ಚಬೇಡ. ಹೊರಗೆ ಹಿಮ ಬೀಳುತ್ತಿದ್ದರೂ ಸರಿ, ಬಾಗಿಲಾಚೆ ಇಡು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಎಚ್ಚರ ಕೊಡದೆ ಕೊಲ್ಲುತ್ತದೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮೇಲೆ ಟರ್ಕಿ ಕರಿಯುವ ಒಲೆಗಳು ಅಗ್ಗಕ್ಕೆ ಸಿಗುತ್ತವೆ, ಒಲೆ ಚೆನ್ನಾಗಿರುತ್ತದೆ. ಆದರೆ ಅದರ ಜೊತೆ ಬರುವ ಪಾತ್ರೆ ಸಾಮಾನ್ಯವಾಗಿ 28 ಲೀಟರಿನದು. ನೀನು ಕುದಿಸುವುದೇ 26, 27 ಲೀಟರ್, ಹಾಲಿನ ಹಾಗೆ ಉಕ್ಕಿ ಒಲೆ ಆರಿಸುತ್ತದೆ. 40 ಲೀಟರಿನ ಪಾತ್ರೆ ಬೇರೆಯಾಗಿ ತಾ, ಅಲ್ಯೂಮಿನಿಯಮ್ ಆದರೂ ನಡೆಯುತ್ತದೆ. ಸತು ಲೇಪಿಸಿದ ಕಬ್ಬಿಣ ಬೇಡ, ಪೇಂಟಿನ ಬಕೆಟ್ ಬೇಡ. ಹಳೆಯ ಬಿಯರ್ ಕೆಗ್ ಕೊಯ್ದು ಪಾತ್ರೆ ಮಾಡುವ ಆಸೆ ನಿನಗೂ ಬರುತ್ತದೆ. ಠೇವಣಿ ಕಟ್ಟಿ ತಂದ ಕೆಗ್ ನಿನ್ನದಾಗುವುದಿಲ್ಲ, ಅದು ಬಿಯರ್ ಕಂಪನಿಯ ಸ್ವತ್ತು. ಕಾನೂನುಬದ್ಧವಾಗಿ ಕೊಂಡದ್ದಾದರೂ ಒಳಗಿನ ಒತ್ತಡ ಪೂರ್ತಿ ಬಿಡದೆ ಗರಗಸ ಮುಟ್ಟಿಸಬೇಡ. ಮತ್ತೆ, ಕುದಿಯುವ 20 ಲೀಟರನ್ನು ಯಾವತ್ತೂ ಎತ್ತಬೇಡ. ಗಟ್ಟಿ ಮೇಜಿನ ಮೇಲೆ ಕೂಲರ್, ಕೆಳಗೆ ಪಾತ್ರೆ ಇಟ್ಟರೆ ನೀರು ತಾನೇ ಇಳಿಯುತ್ತದೆ, ಪಂಪೂ ಬೇಡ.

ತಣಿಸುವ ಸುರುಳಿ ನೀನೇ ಮಾಡು, ಅದರ ಸಂತೋಷವೇ ಬೇರೆ. ಮುಕ್ಕಾಲು ಪಾಲು ಬೆರಳಿನಷ್ಟು ದಪ್ಪದ ಮೆತ್ತನೆಯ ತಾಮ್ರದ ಕೊಳವೆ 15 ಮೀಟರ್ ತಂದು, ಒಂದು ದುಂಡನೆಯ ಡಬ್ಬದ ಸುತ್ತ ನಿಧಾನಕ್ಕೆ ಸುತ್ತು. ಅವಸರ ಪಟ್ಟರೆ ಕೊಳವೆ ಮಡಚಿ ಮುಚ್ಚಿಕೊಳ್ಳುತ್ತದೆ. ರಬ್ಬರ್ ಪೈಪ್ ಸೇರಿಸುವ ಎರಡೂ ತುದಿಗಳು ಪಾತ್ರೆಯ ಅಂಚಿನಿಂದ ಆಚೆ ಬರುವಂತೆ ಬಾಗಿಸು. ಕೂಡಿಕೆ ಸೋರಿದರೂ ಆ ನೀರು ಬಿಯರಿಗೆ ಬೀಳಬಾರದು. ಕುದಿ ಮುಗಿಯಲು ಹದಿನೈದು ನಿಮಿಷ ಇರುವಾಗ ಸುರುಳಿಯನ್ನು ಇಳಿಬಿಟ್ಟರೆ ಅದೂ ಶುದ್ಧವಾಗುತ್ತದೆ. ನೀರು ಹರಿಸಿದಾಗ ಮೊದಲು ಹೊರಬರುವುದು ಕೈ ಸುಡುವ ನೀರು, ಪಾತ್ರೆ ತೊಳೆಯಲು ಹಿಡಿದಿಟ್ಟುಕೋ.

ಹುದುಗು ಬರಿಸುವ ಬಕೆಟಿಗೆ ಫ್ರಿಜ್ ಇಲ್ಲ ಅಂತ ಕೊರಗಬೇಡ. ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಹಳೆಯ ಬನಿಯನ್ ಒದ್ದೆ ಮಾಡಿ ತೊಡಿಸಿ, ಫ್ಯಾನ್ ತಿರುಗಿಸು. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದೆವಲ್ಲ, ಅದೇ. ಈ ಊರಿನ ಒಣಗಾಳಿಗೆ ಅದು ಬಹಳ ಚೆನ್ನಾಗಿ ತಣಿಯುತ್ತದೆ.

ನಿಮ್ಮಮ್ಮ ಕೇಳಿದರೆ ನಿಜವನ್ನೇ ಹೇಳು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಊರಿಗೆ ಹೋದಾಗ ಮಾಡಿ ತೋರಿಸುತ್ತೇನೆ ಅಂತ ಮಾತ್ರ ಹೊರಡಬೇಡ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡುವುದು ಅಪರಾಧ.

ಎಲ್ಲ ಜೋಡಿಸಿದ ಮೇಲೆ ಒಂದು ಇಡೀ ಶನಿವಾರ ಬರೀ ನೀರಿಗೆ ಕೊಡು. ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಮರೆತರೂ ನನಗೆ ಬೇಸರವಿಲ್ಲ. ಮೊದಲು ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಿಡಿ. ಈ ಊರು 1600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. 100 ತೋರಿಸಿದರೆ ಥರ್ಮಾಮೀಟರ್ ಸುಳ್ಳು ಹೇಳುತ್ತಿದೆ. ಕಾಳಿನ ಕಿಣ್ವಗಳಿಗೆ ಮೂರು ನಾಲ್ಕು ಡಿಗ್ರಿ ದೊಡ್ಡ ವ್ಯತ್ಯಾಸ. ಕೂಲರಿಗೆ 70 ಡಿಗ್ರಿಯ 15 ಲೀಟರ್ ನೀರು ಸುರಿದು, ಮುಚ್ಚಿ, ಐದು ನಿಮಿಷ ಬಿಟ್ಟು ಅಳೆ, ಗೋಡೆಗಳು ಎಷ್ಟು ಬಿಸಿ ನುಂಗಿದವು ಗೊತ್ತಾಗುತ್ತದೆ. ಗಂಟೆಯ ನಂತರ ಮತ್ತೆ ಅಳೆ, ಒಂದೆರಡು ಡಿಗ್ರಿ ಇಳಿದಿದ್ದರೆ ಚಿಂತೆಯಿಲ್ಲ. ವಾಲ್ವ್ ತೆರೆದು ಪೂರ್ತಿ ಬಸಿದು, ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹೀರಿ ಅಳತೆ ಲೋಟಕ್ಕೆ ಹಿಂಡು. ಅಷ್ಟು ಸಿಹಿನೀರು ನಿನಗೆ ಯಾವತ್ತೂ ಸಿಗುವುದಿಲ್ಲ ಅಂತ ಬರೆದಿಟ್ಟುಕೋ. ಕುದಿಸುವ ಪಾತ್ರೆಗೆ ಎರಡೆರಡು ಲೀಟರ್ ತಣ್ಣೀರು ಸುರಿಯುತ್ತಾ, ಉದ್ದನೆಯ ಮರದ ಸೌಟನ್ನು ನೆಟ್ಟಗೆ ನಿಲ್ಲಿಸಿ ಚಾಕುವಿನಿಂದ ಗೀಟು ಹಾಕುತ್ತಾ ಹೋಗು. ಕುದಿವ ನೀರು ನೂರಕ್ಕೆ ನಾಲ್ಕರಷ್ಟು ಹಿಗ್ಗಿರುತ್ತದೆ, ಅದೂ ಲೆಕ್ಕದಲ್ಲಿರಲಿ.

ಕೂಡಿಕೆಗಳ ಕೆಳಗೆ ಒಣ ಕಾಗದ ಹಾಸಿಡು, ಸೋರಿದರೆ ಅದೇ ಹೇಳುತ್ತದೆ. ಕಾಗದ ಒಣಗಿಯೇ ಇದ್ದರೆ ಆ ಸಂಜೆ ನನಗೆ ಫೋನ್ ಮಾಡು. ಮರುದಿನ ಬೆಳಿಗ್ಗೆ ಒಡೆಸಿದ ಮಾಲ್ಟ್ ತೆಗೆದುಕೊಂಡು ಬರುತ್ತೇನೆ.