ಇಂಗ್ಲಿಷ್ ವ್ಯಾಕರಣ: ಸರ್ವನಾಮ, ಸಂಯೋಜಕ ಮತ್ತು ಭೂತಕಾಲ

1. ಕನ್ನಡದಲ್ಲಿ ಸರ್ವನಾಮಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ: ನಾನು ಕುಷ್ಟಗಿಗೆ ಬಂದೆನು, ಅವಳು ಬಂದಳು, ಅವರು ಬಂದರು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ‘ಕೇಮ್’ ಒಂದೇ.

2. ಇದಕ್ಕೆ ಅಪವಾದ ‘ಬೀ’ ಕ್ರಿಯಾಪದದ ಭೂತಕಾಲ: ಐ, ಹೀ, ಶೀ, ಇಟ್ – ‘ವಾಸ್’; ವೀ, ಯೂ, ದೇ – ‘ವರ್’.

3. ‘ಗಂಗಾವತಿಗೆ ಹೋಗಿ ಅಕ್ಕಿ ತಂದಳು’ ಎಂಬಲ್ಲಿ ‘ಹೋಗಿ’ಯೇ ಕೊಂಡಿ. ಇಂಗ್ಲಿಷಿಗೆ ‘ಅಂಡ್’ ಬೇಕು. ಎರಡೂ ಕ್ರಿಯಾಪದ ಭೂತಕಾಲದಲ್ಲೇ ಇರಬೇಕು: ‘ಶೀ ವೆಂಟ್ ಟು ಗಂಗಾವತಿ ಅಂಡ್ ಬ್ರಾಟ್ ರೈಸ್.’

4. ‘ದೋ’ ಬಂದರೆ ‘ಬಟ್’ ಬೇಡ: ‘ದೋ ಇಟ್ ರೇನ್ಡ್, ದೇ ರೀಚ್ಡ್ ಯಲಬುರ್ಗಾ.’

ಅಭ್ಯಾಸ: ‘ಕೊಪ್ಪಳ ವಾಸ್ ಇನ್ ರಾಯಚೂರು ಡಿಸ್ಟ್ರಿಕ್ಟ್, ಬಟ್ ಇಟ್ ____ ಎ ಸಪರೇಟ್ ಡಿಸ್ಟ್ರಿಕ್ಟ್ ಇನ್ 1997.’
ಉತ್ತರ: ಬಿಕೇಮ್. ಇಸವಿ ಕೊಟ್ಟಿರುವುದರಿಂದ ‘ಹ್ಯಾಸ್ ಬಿಕಮ್’ ತಪ್ಪು.